15 ಮೀಟರ್, 18 ಮೀಟರ್, ಈಟಾ: ಗ್ಲೈಡ್ ರೇಶಿಯೋ ಒಂದನ್ನೇ ನೋಡಿದ್ರೆ ಸಾಕಾ?

ಮಳೆಹಾದಿ, ಸೋಮವಾರಪೇಟೆ
ಈಟಾ ಗ್ಲೈಡರಿನ (ಎಂಜಿನ್ ಬಲವಿಲ್ಲದೆ ಗಾಳಿಯಲ್ಲಿ ತೇಲೋ ವಿಮಾನ) ರೆಕ್ಕೆ ತುದಿಯಿಂದ ತುದಿಗೆ 30.9 ಮೀಟರ್, ಗ್ಲೈಡ್ ರೇಶಿಯೋ, ಅಂದ್ರೆ ಒಂದು ಮೀಟರ್ ಇಳಿಯೋದ್ರೊಳಗೆ ಎಷ್ಟು ಮೀಟರ್ ಮುಂದೆ ಹೋಗುತ್ತೆ ಅನ್ನೋದು, 70ರ ಆಸುಪಾಸು. 18 ಮೀಟರಿನ ಜೆಎಸ್3, ಎಎಸ್‌ಜಿ 29 ಎಲ್ಲ 50ರ ಮೇಲೆ ಸ್ವಲ್ಪ ಅಷ್ಟೇ. ಹಾಗಿದ್ರೂ ಹೊಸ ವಿನ್ಯಾಸಗಳಲ್ಲಿ ರೆಕ್ಕೆಯ ವಿಸ್ತೀರ್ಣ ಇಳಿಸ್ತಾ ಹೋಗ್ತಿರೋದು ಯಾಕೆ? ಹಗುರ ಇದ್ದಷ್ಟೂ ಒಳ್ಳೇದಲ್ವಾ, ರೆಕ್ಕೆಗೆ ನೀರು ಬೇರೆ ಯಾಕೆ ತುಂಬಿಸ್ತಾರೆ?

ಗಾಳಿಲೆಕ್ಕ, ಕುಶಾಲನಗರ
ಈ ಗರಿಷ್ಠ ಗ್ಲೈಡ್ ರೇಶಿಯೋ ಒಂದೇ ಒಂದು ವೇಗದಲ್ಲಿ ಸಿಗೋ ಅಂಕಿ. ಆ ವೇಗದಲ್ಲಿ ಒಟ್ಟು ಡ್ರ್ಯಾಗಿನ (ಗಾಳಿ ಹಿಂದಕ್ಕೆಳೆಯೋ ಬಲ) ಅರ್ಧ ಇಂಡ್ಯೂಸ್ಡ್, ಅಂದ್ರೆ ಲಿಫ್ಟ್ (ಮೇಲೆತ್ತೋ ಬಲ) ಹುಟ್ಟಿಸೋದಕ್ಕೆ ತೆರುವ ಬೆಲೆ. ಉದ್ದ ರೆಕ್ಕೆ ಕಮ್ಮಿ ಮಾಡೋದು ಇದನ್ನೇ. ವೇಗ ಎರಡು ಪಟ್ಟಾದ್ರೆ ಇಂಡ್ಯೂಸ್ಡ್ ಡ್ರ್ಯಾಗ್ ಕಾಲು ಭಾಗಕ್ಕೆ ಇಳಿಯುತ್ತೆ, ಮೈಗೆ ಗಾಳಿ ಉಜ್ಜುವ ಡ್ರ್ಯಾಗ್ ನಾಲ್ಕು ಪಟ್ಟು ಏರುತ್ತೆ. ಆಗ ಇಂಡ್ಯೂಸ್ಡ್ ಪಾಲು ಬರೀ 6%. ರೆಕ್ಕೆಯ ಉದ್ದದಿಂದ ಅಲ್ಲಿ ಲಾಭ ಅಷ್ಟಕ್ಕಷ್ಟೆ; ವಿಸ್ತೀರ್ಣ ಎಷ್ಟು ಸಣ್ಣದು ಅನ್ನೋದೇ ಮುಖ್ಯ. ಎಎಸ್‌ಜಿ 29ರದ್ದು 10.5 ಚದರ ಮೀಟರ್, ಜೆಎಸ್3ರದ್ದು 9.95. ಎರಡಕ್ಕೂ ಗರಿಷ್ಠ ತೂಕ 600 ಕೆ.ಜಿ. ಅಂದ್ರೆ ಚದರ ಮೀಟರಿಗೆ 57 ಕೆ.ಜಿ. ಮತ್ತು 60 ಕೆ.ಜಿ.

ಹಾಗಾಗಿ ಹೋಲಿಸೋದಾದ್ರೆ ಪೋಲಾರ್ ಗ್ರಾಫ್ (ಯಾವ ವೇಗದಲ್ಲಿ ಎಷ್ಟು ಬೇಗ ಇಳಿಯುತ್ತೆ ಅಂತ ತೋರಿಸೋದು) ತೆಗೆದು, ಗಂಟೆಗೆ 160ರಿಂದ 200 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಎಷ್ಟು ಇಳಿಯುತ್ತೆ ನೋಡಿ. ಓಪನ್ ಕ್ಲಾಸಲ್ಲಿ (ರೆಕ್ಕೆಯ ಉದ್ದಕ್ಕೆ ಮಿತಿಯಿಲ್ಲದ ಸ್ಪರ್ಧಾ ವಿಭಾಗ) 21 ಮೀಟರಿನ ಜೆಎಸ್1, 28 ಮೀಟರಿನ ಇಬಿ29ಕ್ಕೆ ಪೈಪೋಟಿ ಕೊಟ್ಟಿದ್ದು ಇದೇ ಲೆಕ್ಕದಿಂದ. ಥರ್ಮಲ್, ಅಂದ್ರೆ ಗ್ಲೈಡರನ್ನ ಮೇಲೆತ್ತೋ ಬಿಸಿಗಾಳಿಯ ಕಂಬ, ದುರ್ಬಲ ಇರೋ ದಿನ ಮಾತ್ರ ಉದ್ದ ರೆಕ್ಕೆಗೆ ಸಾಟಿಯಿಲ್ಲ.

ಕಾವೇರಿಕಣಿವೆ, ಗೋಣಿಕೊಪ್ಪ
ನೀರಿನ ವಿಷಯ. 400 ಕೆ.ಜಿ. ಗ್ಲೈಡರಿಗೆ 200 ಲೀಟರ್ ತುಂಬಿಸಿದ್ರೆ ತೂಕ ಒಂದೂವರೆ ಪಟ್ಟು. ಗ್ಲೈಡ್ ರೇಶಿಯೋ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಆದರೆ ಅದು ಸಿಗೋ ವೇಗ 22% ಮೇಲೆ ಹೋಗುತ್ತೆ. ಬೆಲೆ ತೆರಬೇಕಾದ್ದು ಥರ್ಮಲ್ಲಿನಲ್ಲಿ. 45 ಡಿಗ್ರಿ ವಾಲಿಸಿ 100 ಕಿ.ಮೀ.ನಲ್ಲಿ ಸುತ್ತಿದ್ರೆ ತ್ರಿಜ್ಯ 79 ಮೀಟರ್. ತುಂಬಿಸಿಕೊಂಡು 122ರಲ್ಲಿ ಸುತ್ತಿದ್ರೆ 117. ಥರ್ಮಲ್ಲಿನ ತಿರುಳು ಕಿರಿದಾಗಿದ್ರೆ ನೀವು ಅದರ ಹೊರಗೇ ಸುತ್ತುತ್ತಾ ಇರ್ತೀರಿ.

ಬಾಲದ ಟ್ಯಾಂಕಿನ ಮೇಲೆ ಕಣ್ಣಿರಲಿ. ರೆಕ್ಕೆಯ ನೀರು ಹೋಗಿ, ಬಾಲದ್ದು ಹೆಪ್ಪುಗಟ್ಟಿಯೋ ವಾಲ್ವ್ ಕಚ್ಚಿಕೊಂಡೋ ಉಳಿದುಬಿಟ್ರೆ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತೆ, ಸ್ಪಿನ್ನಿಗೆ (ಗಿರಗಿರನೆ ಸುತ್ತುತ್ತಾ ಕೆಳಗೆ ಬೀಳೋದು) ಬಿದ್ರೆ ಹೊರಬರೋದು ಕಷ್ಟ. ಹಾರೋ ಮುಂಚೆ ನೆಲದ ಮೇಲೇ ಮೂರೂ ವಾಲ್ವ್ ತೆರೆದು ಧಾರೆ ಬರ್ತಾ ಇದೆಯಾ, ಎರಡೂ ರೆಕ್ಕೆಯಿಂದ ಒಂದೇ ಸಮ ಬರ್ತಾ ಇದೆಯಾ ನೋಡಲೇಬೇಕು.

ಮಳೆಹಾದಿ
ಈಗ ಅರ್ಥ ಆಯ್ತು, ಥ್ಯಾಂಕ್ಸ್ ಸರ್. ನಮ್ಮ ಕೊಡಗಿನ ಮೇಲೆ ಹಾರೋದಾದ್ರೆ ಯಾವುದು ಸೂಕ್ತ?

ಗಾಳಿಲೆಕ್ಕ, ಕುಶಾಲನಗರ
ಇಲ್ಲಿ ಇಳಿಯೋ ಜಾಗವೇ ಮೊದಲ ಪ್ರಶ್ನೆ. ತೋಟದ ಮೇಲೆಲ್ಲ ಸಿಲ್ವರ್ ಓಕ್. ಉಳಿಯೋದು ಗದ್ದೆಗಳು. ಕೊಯ್ಲಾದ ಮೇಲೆ ಮೇಲಿಂದ ಬಯಲಿನ ಹಾಗೆ ಕಾಣುತ್ತೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಬದುಗಳಿರುತ್ತವೆ, ಅಡ್ಡಕ್ಕೆ ಕರೆಂಟ್ ತಂತಿ. ಮೇಲಿಂದ ತಂತಿ ಕಾಣಲ್ಲ, ಕಂಬ ಹುಡುಕಬೇಕು. ರೆಕ್ಕೆಯ ತುದಿ ಬದುವಿಗೆ ತಾಗಿದ್ರೆ ಗ್ಲೈಡರ್ ಗಿರ್ರನೆ ತಿರುಗಿ ಬಾಲದ ಕೊಳವೆ ಮುರಿಯುತ್ತೆ. ಇಂಥ ಕಡೆ 25 ಮೀಟರಿಗಿಂತ 15 ಮೀಟರ್ ಮೇಲು. ನೀರು ಖಾಲಿ ಮಾಡದೆ ಇಳಿದ್ರೆ ನೆಲ ಮುಟ್ಟುವಾಗಿನ ಶಕ್ತಿ 2.25 ಪಟ್ಟು, ಮರೀಬೇಡಿ.

ಕಾವೇರಿಕಣಿವೆ, ಗೋಣಿಕೊಪ್ಪ
ಎಂಜಿನ್ ಇದೆ ಅಂತ ಧೈರ್ಯ ಬೇಡ. ಬೆನ್ನಿಂದ ಮೇಲೇಳೋ ಎರಡು ಸ್ಟ್ರೋಕ್ ಎಂಜಿನ್ ಸ್ಟಾರ್ಟ್ ಆಗದಿದ್ರೆ ಹೊರಗೆ ನಿಂತು ಬ್ರೇಕ್ ಹಾಕಿದ ಹಾಗೆ ಎಳೆಯುತ್ತೆ. ಮೂತಿಯ ಎಲೆಕ್ಟ್ರಿಕ್ ಮೋಟಾರಿನಲ್ಲಿ ಬ್ಲೇಡುಗಳು ಮಡಚಿಕೊಳ್ಳೋದರಿಂದ ಆ ಸಮಸ್ಯೆ ಕಮ್ಮಿ. ಯಾವುದಾದ್ರೂ ಸರಿ, ಇಳಿಯೋಕೆ ಒಂದು ಜಾಗ ಗುರುತು ಮಾಡಿಟ್ಟುಕೊಂಡು, ಅದರ ಮೇಲೆ ಇದ್ದಾಗಲೇ ಸ್ವಿಚ್ ಒತ್ತಬೇಕು.