ಸೀಳು ಅಂಗುಳದ ಮಗು: ಮಾತಿನ ಪರೀಕ್ಷೆಗೆ ಮೊದಲೇ ಅಭ್ಯಾಸ ಮಾಡಿಸಬೇಕಾ?

ಪುಟ್ಟನ ಅಮ್ಮ:
ಮಗನಿಗೆ 4 ವರ್ಷ. ಹುಟ್ಟುವಾಗಲೇ ಅಂಗುಳ ಸೀಳಿತ್ತು, 11 ತಿಂಗಳಿಗೆ ಆಪರೇಷನ್ ಆಯ್ತು. ಈಗ ಬಾಯಿ ತುಂಬಾ ಮಾತಾಡುತ್ತಾನೆ, ಆದರೆ ಹೊರಗಿನವರಿಗೆ ಅರ್ಥವಾಗುವುದಿಲ್ಲ. 'ಪಾಪು' ಅಂದರೆ 'ಮಾಮು' ಅಂತ ಕೇಳಿಸುತ್ತದೆ. 'ಕಾಗೆ' ಅನ್ನುವಾಗ 'ಕ' ಇರುವುದೇ ಇಲ್ಲ, ಗಂಟಲಲ್ಲಿ ಏನೋ ತಡೆದು ಬಿಟ್ಟ ಹಾಗೆ 'ಆ-ಎ' ಅನ್ನುತ್ತಾನೆ. ಮುಂದಿನ ವಾರ ಪರೀಕ್ಷೆ ಇದೆ. ಹಿಂದೆ ಒಂದು ಕಡೆ ಹೋದಾಗ ನನ್ನ ಹಿಂದೆ ಅಡಗಿ ಬಾಯೇ ಬಿಡಲಿಲ್ಲ, ಐದೇ ನಿಮಿಷಕ್ಕೆ ಕಳಿಸಿಬಿಟ್ಟರು. ಅದಕ್ಕೇ ಈಗ ದಿನಾ ಪದ ಹೇಳಿಸುತ್ತಿದ್ದೇನೆ, ಬಲೂನ್ ಊದಿಸುತ್ತಿದ್ದೇನೆ. ಸರಿನಾ?

ಮಾತಿನ ಮೇಡಂ:
ನಾನು ಸ್ಪೀಚ್ ಥೆರಪಿಸ್ಟ್. ಪದ ಹೇಳಿಸುವುದನ್ನು ದಯವಿಟ್ಟು ನಿಲ್ಲಿಸಿ. ಅವನು ದಿನಾ ಹೇಗೆ ಮಾತಾಡುತ್ತಾನೋ ಅದೇ ನಮಗೆ ಬೇಕು.

ನೀವು ಬರೆದ ಎರಡು ತಪ್ಪು ಒಂದೇ ಜಾತಿಯವಲ್ಲ. 'ಪ' ಅನ್ನುವಾಗ ತುಟಿ ಸರಿಯಾಗೇ ಮುಚ್ಚುತ್ತಿದೆ. ಆದರೆ ಅಂಗುಳದ ಹಿಂಭಾಗ ಮೇಲೆದ್ದು ಮೂಗಿನ ದಾರಿ ಮುಚ್ಚಬೇಕು, ಅದು ಆಗುತ್ತಿಲ್ಲ ಅನ್ನಿಸುತ್ತದೆ. ಅಂಗುಳ ಅಲ್ಲಿಗೆ ಮುಟ್ಟುತ್ತಲೇ ಇಲ್ಲ ಅಂದರೆ ಎಷ್ಟು ಥೆರಪಿ ಕೊಟ್ಟರೂ ಸರಿಹೋಗುವುದಿಲ್ಲ, ಇನ್ನೊಂದು ಆಪರೇಷನ್ ಬೇಕಾಗಬಹುದು. 'ಕ' ಬೇರೆ ಕಥೆ. ಬಾಯಲ್ಲಿ ಗಾಳಿ ನಿಲ್ಲದ ಮಕ್ಕಳು ಅದನ್ನು ಗಂಟಲಲ್ಲೇ ತಡೆಯುವುದನ್ನು ಕಲಿತುಬಿಡುತ್ತಾರೆ. ಅಂಗುಳ ಸರಿಯಾದ ಮೇಲೂ ಆ ರೂಢಿ ಉಳಿಯುತ್ತದೆ, ಥೆರಪಿಯಲ್ಲೇ ಬಿಡಿಸಬೇಕು. ಯಾವುದು ಯಾವುದು ಅಂತ ಬೇರೆ ಮಾಡುವುದಕ್ಕೇ ಈ ಪರೀಕ್ಷೆ.

ನಾನು 'ಕಾಗೆ ಕಾಲು ಕಪ್ಪು' ಹೇಳಿಸುತ್ತೇನೆ. ಅದರಲ್ಲಿ 'ಮ', 'ನ' ಥರದ ಮೂಗಿನ ಅಕ್ಷರ ಒಂದೂ ಇಲ್ಲ. ಒಮ್ಮೆ ಹಾಗೇ, ಒಮ್ಮೆ ಮೂಗು ಹಿಡಿದು. ಎರಡೂ ಒಂದೇ ಥರ ಕೇಳಿಸಬೇಕು. ಬದಲಾದರೆ ದನಿ ಮೂಗಿಗೆ ಹೋಗುತ್ತಿತ್ತು ಅಂತ. ಆಮೇಲೆ 'ಪ ಪ ಪ' ಅನ್ನುವಾಗ ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿಯುತ್ತೇನೆ. ಮಬ್ಬಾದರೆ ಗಾಳಿ ಮೂಗಿನಿಂದ ಸೋರುತ್ತಿದೆ ಅಂತ. ಶುರುವಾದ ಮೇಲೆ ಹಿಡಿದು, ಮುಗಿಯುವ ಮೊದಲೇ ತೆಗೆಯಬೇಕು. ಇಲ್ಲವಾದರೆ ಸುಮ್ನೆ ಬಿಟ್ಟ ಉಸಿರಿಗೂ ಮಬ್ಬಾಗುತ್ತದೆ.

ನೆಗಡಿ ಇದ್ದರೆ ದಿನ ಮುಂದೆ ಹಾಕಿಸಿ. ಮೂಗು ಕಟ್ಟಿದಾಗ 'ನಮ್ಮ ಮನೆ' 'ದಬ್ಬ ಬದೆ' ಆಗುತ್ತದೆ, ನಿಜವಾದ ಸೋರಿಕೆ ಮರೆಯಾಗಿಬಿಡುತ್ತದೆ. ಕಿವಿ ಪರೀಕ್ಷೆಯನ್ನೂ ಬಿಡಬೇಡಿ. ಈ ಮಕ್ಕಳಿಗೆ ಕಿವಿತಮಟೆಯ ಹಿಂದೆ ನೀರು ತುಂಬುವುದು ಜಾಸ್ತಿ. ಬಲೂನ್ ಆಟಕ್ಕೆ ಇರಲಿ. ಊದುವುದರಿಂದ ಮಾತು ಸುಧಾರಿಸುವುದಿಲ್ಲ.

ನಾನೂ ಹಾಗೇ ಹುಟ್ಟಿದವ:
ಅಕ್ಕಾ, ಚಿಕ್ಕವನಿದ್ದಾಗ ನನಗೂ ಮನೆಯಲ್ಲಿ ಪದಗಳನ್ನು ಗಟ್ಟಿ ಮಾಡಿಸಿದ್ದರು. ಪರೀಕ್ಷೆಯಲ್ಲಿ ಒಂದೊಂದೇ ಪದ ಚೆನ್ನಾಗಿ ಹೇಳಿದೆ, 'ಪರವಾಗಿಲ್ಲ' ಅಂತ ಬರೆದರು. ತರಗತಿಯಲ್ಲಿ ಎದ್ದು ಎರಡು ವಾಕ್ಯ ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೀಗೆ ಎರಡು ವರ್ಷ ಹೋಯ್ತು. ಮುಂದೆ ಒಬ್ಬರು ಹತ್ತು ನಿಮಿಷ ಸುಮ್ನೆ ಹರಟೆ ಹೊಡೆಸಿದರು, ಆಗಲೇ ಗೊತ್ತಾಗಿದ್ದು. ಅವನು ಆಡುವಾಗ ಫೋನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ. ಅಲ್ಲಿ ಬಾಯಿ ಬಿಡದಿದ್ದರೂ ಕೇಳಿಸಬಹುದು, ಅಲ್ವಾ?

ಪುಟ್ಟನ ಅಮ್ಮ:
ಇಬ್ಬರಿಗೂ ಧನ್ಯವಾದ. ನಿನ್ನೆಯಿಂದ ಮೂಗು ಸುರಿಯುತ್ತಿದೆ, ಬೆಳಿಗ್ಗೆಯೇ ಫೋನ್ ಮಾಡಿ ದಿನ ಬದಲಿಸುತ್ತೇನೆ. ಸಂಜೆ ಆಟದ ಕಾರಿನ ಜೊತೆ ಮಾತಾಡುತ್ತಿದ್ದ, ಗೊತ್ತಾಗದ ಹಾಗೆ ರೆಕಾರ್ಡ್ ಮಾಡಿದೆ. ಆರು ನಿಮಿಷ ಇದೆ. ಅರ್ಧ ನನಗೂ ಅರ್ಥವಾಗಲಿಲ್ಲ.