ಮೂರೂವರೆ ವರ್ಷದ ಮಗುವಿಗೆ ಉಗ್ಗು: ಕಾಯಬೇಕಾ, ಥೆರಪಿ ಶುರು ಮಾಡಬೇಕಾ?

ಹೇಮಾವತಿ_ತೀರ

ಮಗನಿಗೆ ಮೂರೂವರೆ. ಯುಗಾದಿ ಹೊತ್ತಿಗೆ ಶುರುವಾದ ಉಗ್ಗು ದಸರಾ ಬಂದರೂ ಹೋಗಿಲ್ಲ. ಮೂರ್ನಾಲ್ಕು ವಾರ ಏನೂ ಇರಲ್ಲ, ಮತ್ತೆ ಒಮ್ಮೆಲೇ ಜೋರಾಗುತ್ತೆ. "ನ-ನ-ನ-ನಂಗೆ" ಅನ್ನೋದು ಹೆಚ್ಚು. ಈಚೆಗೆ ಬಾಯಿ ತೆರೆದರೂ ಸ್ವರ ಬರದೆ ನಿಂತುಬಿಡೋದೂ ಕಾಣಿಸ್ತಿದೆ. ಮಕ್ಕಳ ಡಾಕ್ಟರು ಐದು ವರ್ಷದವರೆಗೆ ನೋಡೋಣ ಅಂತಾರೆ. ನರ್ಸರಿಯಲ್ಲಿ ಮನೆಯಲ್ಲಿ ಒಂದೇ ಭಾಷೆ ಮಾತಾಡಿ ಅಂತಾರೆ. ಮನೆ ಹಿರಿಯರು ಬಜೆ ತೇಯ್ದು ನೆಕ್ಕಿಸಿ ಅಂತಾರೆ. ನಮ್ಮಣ್ಣನಿಗೂ ಚಿಕ್ಕಂದಿನಿಂದ ಇದೆ, ಮೂವತ್ತು ದಾಟಿದರೂ ಹೋಗಿಲ್ಲ.

ನನ್ನ ಪ್ರಶ್ನೆ: ಎಷ್ಟು ದಿನ ಕಾಯೋದು ಸರಿ? ಲಿಡ್ಕಂಬ್ ಅನ್ನೋ ವಿಧಾನ ಮನೆಯಲ್ಲೇ ಮಾಡಬಹುದಾ? ದೊಡ್ಡವರಿಗೆ ಈಗ ಏನಾದರೂ ಮಾಡೋಕೆ ಆಗುತ್ತಾ?

ವಾಕ್‌ಶ್ರವಣ_ಶಿವಮೊಗ್ಗ

ಐದರವರೆಗೆ ಕಾಯಬೇಡಿ. ಯಾಕೆ ಅಂತ ಬಿಡಿಸಿ ಹೇಳ್ತೀನಿ.

ಈ ವಯಸ್ಸಿನ ಮಕ್ಕಳು ಪದ ಹುಡುಕುವಾಗ "ನಂಗೆ ಅದು, ನಂಗೆ ಅದು ಬೇಕು" ಅಂತ ಪದವನ್ನೋ ಅರ್ಧ ವಾಕ್ಯವನ್ನೋ ಮತ್ತೆ ಹೇಳೋದು ಸಹಜ. ಅಲ್ಲಿ ಮುಖದಲ್ಲಿ ಬಿಗಿ ಇರಲ್ಲ. ಉಗ್ಗಿನಲ್ಲಿ ಪದವೇ ಒಡೆಯುತ್ತೆ. ಮೊದಲ ಅಕ್ಷರ ಮರುಕಳಿಸುತ್ತೆ, ಇಲ್ಲವೇ "ಸ್ಸ್ಸ್ಸಾಕು" ಅಂತ ಎಳೆಯುತ್ತೆ, ಇಲ್ಲವೇ ಸ್ವರ ಪೂರ್ತಿ ಕಟ್ಟಿಹೋಗುತ್ತೆ. ನೀವು ಹೇಳಿರುವ ಎರಡೂ ಉಗ್ಗಿನ ಲಕ್ಷಣಗಳೇ. ವಾರಗಟ್ಟಲೆ ಮಾಯವಾಗಿ ಮತ್ತೆ ಬರೋದು ಚಿಕ್ಕ ಮಕ್ಕಳ ಉಗ್ಗಿನ ಸ್ವಭಾವ. ಹಾಗಾಗಿ ಒಂದು ಒಳ್ಳೆಯ ವಾರ ನೋಡಿ ಅಪಾಯಿಂಟ್‌ಮೆಂಟ್ ರದ್ದು ಮಾಡಬೇಡಿ.

ಅಳತೆ ಮಾಡೋದು ಕಷ್ಟವಿಲ್ಲ. ಮಗು ಆಟವಾಡ್ತಾ ಮಾತಾಡುವಾಗ ಫೋನಿನಲ್ಲಿ ಹತ್ತು ನಿಮಿಷ ರೆಕಾರ್ಡ್ ಮಾಡಿ. ಕನಿಷ್ಠ 300 ಉಚ್ಚಾರಗಳು, ಅಂದರೆ ಪದದ ತುಂಡುಗಳು (ಸಿಲಬಲ್), ಸಿಗಲಿ. ಪುನರಾವರ್ತನೆಯನ್ನು ಉಚ್ಚಾರದ ಲೆಕ್ಕಕ್ಕೆ ಸೇರಿಸಬಾರದು. "ನ-ನ-ನಾನು ಶಾಲೆಗೆ ಹೋಗಲ್ಲ" ಅಂದರೆ ನಾ, ನು, ಶಾ, ಲೆ, ಗೆ, ಹೋ, ಗಲ್, ಲ: ಒಟ್ಟು 8, ಅದರಲ್ಲಿ ಉಗ್ಗಿದ್ದು 1. 300ಕ್ಕೆ 18 ಬಂದರೆ 6%. ಅಮೆರಿಕದ ಇಲಿನಾಯ್ಸ್‌ನಲ್ಲಿ ಯೈರಿ ಮತ್ತು ಆಂಬ್ರೋಸ್ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಮಾಡಿದ ಅಧ್ಯಯನದಲ್ಲಿ 100 ಉಚ್ಚಾರಕ್ಕೆ 3 ಅಥವಾ ಹೆಚ್ಚು ಇಂಥ ತೊಡಕುಗಳಿರೋದನ್ನೇ ಉಗ್ಗಿನ ಗೆರೆ ಅಂತ ಹಿಡಿದಿದ್ದರು. ಒಂದೇ ರೆಕಾರ್ಡಿಂಗ್ ಸಾಲದು, ಬೇರೆ ಬೇರೆ ದಿನದ ಎರಡು ಮೂರು ಇರಲಿ.

ಈಗ ಕಾಯುವ ವಿಷಯ. ಹೆಚ್ಚಿನ ಮಕ್ಕಳಲ್ಲಿ, ಸುಮಾರು ನಾಲ್ವರಲ್ಲಿ ಮೂವರಲ್ಲಿ, ಉಗ್ಗು ತಾನಾಗೇ ಹೋಗುತ್ತೆ ಅನ್ನೋದು ನಿಜ. "ನೋಡೋಣ" ಅನ್ನುವ ಡಾಕ್ಟರು ಇದನ್ನೇ ನೆಚ್ಚಿಕೊಂಡಿರ್ತಾರೆ. ಆದರೆ ಅದಕ್ಕೆ ವರ್ಷಗಳೇ ಹಿಡಿಯುತ್ತೆ. ಮೆಲ್ಬರ್ನ್‌ನಲ್ಲಿ ಮಕ್ಕಳನ್ನು ಎಂಟು ತಿಂಗಳ ವಯಸ್ಸಿನಿಂದಲೇ ಗಮನಿಸಿದ ಅಧ್ಯಯನದಲ್ಲಿ ನಾಲ್ಕು ವರ್ಷದೊಳಗೆ 11% ಮಕ್ಕಳಿಗೆ ಉಗ್ಗು ಶುರುವಾಗಿತ್ತು. ಶುರುವಾದ ಮೊದಲ 12 ತಿಂಗಳಲ್ಲಿ ಅದು ಹೋಗಿದ್ದು ಅವರಲ್ಲಿ 6.3% ಮಕ್ಕಳಿಗೆ ಮಾತ್ರ. ಯಾವ ಮಗುವಿಗೆ ಹೋಗುತ್ತೆ, ಯಾವುದಕ್ಕೆ ಉಳಿಯುತ್ತೆ ಅಂತ ಒಂದೊಂದು ಮಗುವನ್ನೇ ನೋಡಿ ಹೇಳುವ ಪರೀಕ್ಷೆ ಇಲ್ಲ. ಅಪಾಯದ ಸೂಚನೆಗಳು ಮಾತ್ರ ಇವೆ: ಗಂಡು ಮಗು, ಮನೆತನದಲ್ಲಿ ದೊಡ್ಡವರಾದ ಮೇಲೂ ಉಗ್ಗು ಉಳಿದವರು ಇರೋದು, ತಡವಾಗಿ ಶುರುವಾಗಿರೋದು, ಆರು ತಿಂಗಳಿಂದ ವರ್ಷದೊಳಗೆ ಇಳಿಮುಖ ಕಾಣದಿರೋದು. ನಿಮ್ಮ ಮಗುವಿಗೆ ಮೊದಲ ಎರಡಂತೂ ಇವೆ. ಸ್ವರ ಕಟ್ಟಿಹೋಗೋದೂ ಸೇರಿಕೊಂಡಿದೆ. ಈ ತಿಂಗಳೇ ಮೌಲ್ಯಮಾಪನ ಮಾಡಿಸಿ. ಮಗು ಬೇಸರಪಡದೆ ಆರಾಮಾಗಿದ್ದರೆ, ಥೆರಪಿಸ್ಟ್ ಕಣ್ಗಾವಲಿನಲ್ಲಿ ಇನ್ನು ಕೆಲವು ತಿಂಗಳು ಕಾಯೋದರಲ್ಲಿ ತಪ್ಪಿಲ್ಲ. ಯಾರೂ ಅಳತೆ ಮಾಡದೆ ಸುಮ್ಮನೆ ಕಾಯೋದು ಬೇಡ.

ಬಜೆ ಬೇಡವೇ ಬೇಡ. ಉಗ್ಗಿಗೆ ಅದರಿಂದ ಉಪಯೋಗ ಇದೆ ಅನ್ನೋಕೆ ಪುರಾವೆ ಇಲ್ಲ. ಅದರಲ್ಲಿರುವ ಬೀಟಾ-ಅಸರೋನ್ ಅನ್ನೋ ಅಂಶದ ಕಾರಣಕ್ಕೆ ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿದ್ದಾರೆ. ನಾಲಿಗೆ ಕೆಳಗಿನ ಪೊರೆ ಕತ್ತರಿಸಿದರೂ ಉಗ್ಗು ಹೋಗಲ್ಲ. ಒಂದು ಭಾಷೆ ಬಿಟ್ಟರೂ ಹೋಗಲ್ಲ. ಎರಡು ಭಾಷೆಯಿಂದ ಉಗ್ಗು ಬರುತ್ತೆ ಅನ್ನೋದಕ್ಕೆ ಆಧಾರವಿಲ್ಲ. ಅಜ್ಜಿ ಜೊತೆ ಕನ್ನಡ ಮಾತಾಡೋ ಮಗುವಿನ ಬಾಯಿಂದ ಕನ್ನಡ ಕಿತ್ತುಕೊಂಡರೆ ನಷ್ಟ ಮಾತ್ರ.

ಸುಷುಮ್ನಾ_ನಾಡಿ

ಕಾರಣದ ಬಗ್ಗೆ ಸ್ವಲ್ಪ ಸೇರಿಸ್ತೀನಿ. ಮನೆಗಳಲ್ಲಿ ತಾಯಂದಿರ ಮೇಲೆ ಸುಮ್ಮಸುಮ್ಮನೆ ತಪ್ಪು ಹೊರಿಸ್ತಾರೆ. ಮಗು ಹೆದರಿದ್ದರಿಂದ ಬಂತು, ಯಾರನ್ನೋ ಅಣಕಿಸಿದ್ದರಿಂದ ಬಂತು, ನೀನು ಗದರಿದ್ದರಿಂದ ಬಂತು ಅಂತ. ಯಾವುದೂ ನಿಜವಲ್ಲ.

ಅಪ್ಪ ಅಮ್ಮ ಮಗುವಿನ ಸಹಜ ತೊದಲನ್ನು ಉಗ್ಗು ಅಂತ ಕರೆದು ತಿದ್ದೋದರಿಂದಲೇ ಉಗ್ಗು ಹುಟ್ಟುತ್ತೆ ಅಂತ ಅಮೆರಿಕದ ವೆಂಡೆಲ್ ಜಾನ್ಸನ್ ದಶಕಗಳ ಕಾಲ ವಾದಿಸಿದರು. 1939ರಲ್ಲಿ ಅವರ ಮಾರ್ಗದರ್ಶನದಲ್ಲಿ ಅಯೋವಾದ ಒಂದು ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ನಡೆಯಿತು. ಸರಿಯಾಗಿ ಮಾತಾಡ್ತಿದ್ದ ಕೆಲವು ಮಕ್ಕಳಿಗೂ ನಿನ್ನ ಮಾತು ಸರಿಯಿಲ್ಲ ಅಂತ ಪದೇ ಪದೇ ಹೇಳಲಾಯಿತು. ಆ ಮಕ್ಕಳು ಉಗ್ಗುವವರಾಗಲಿಲ್ಲ, ಆದರೆ ಮಾತಾಡೋಕೇ ಹಿಂಜರಿಯುವಂತಾದರು. ಅಯೋವಾ ವಿಶ್ವವಿದ್ಯಾಲಯ 2001ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿತು. ಮಕ್ಕಳ ಮುಂದೆ ಉಗ್ಗಿನ ಹೆಸರೇ ಎತ್ತಬಾರದು ಅನ್ನುವ ಹಳೆಯ ಸಲಹೆಯ ಬೇರು ಆ ಸಿದ್ಧಾಂತದಲ್ಲಿದೆ. ಅದನ್ನು ಈಗ ಯಾರೂ ಒಪ್ಪಲ್ಲ.

ಇವತ್ತಿನ ತಿಳಿವಳಿಕೆ ಬೇರೆ. 2002ರಲ್ಲಿ ಜರ್ಮನಿಯ ಸಂಶೋಧಕರು, ಉಗ್ಗುವ ದೊಡ್ಡವರ ಎಡ ಮಿದುಳಿನಲ್ಲಿ, ಬಾಯಿ ಗಂಟಲನ್ನು ನಡೆಸುವ ಭಾಗದ ಕೆಳಗೆ ಬಿಳಿ ತಂತುಗಳ ಜೋಡಣೆ ದುರ್ಬಲವಾಗಿರೋದನ್ನು ಸ್ಕ್ಯಾನ್‌ನಲ್ಲಿ ತೋರಿಸಿದರು. ಆಮೇಲೆ ಮಿಷಿಗನ್‌ನ ಸೂ-ಉನ್ ಚಾಂಗ್ ತಂಡ ಚಿಕ್ಕ ಮಕ್ಕಳಲ್ಲೂ ಅಂಥದೇ ವ್ಯತ್ಯಾಸಗಳನ್ನು ಕಂಡಿತು. ಒಂದು ಉಚ್ಚಾರ ಮುಗಿದು ಮುಂದಿನದು ಯಾವಾಗ ಹೊರಡಬೇಕು ಅನ್ನುವ ಸಮಯದ ಸೂಚನೆ ಕೊಡುವ, ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಮೇಲೂ ಅನುಮಾನ ಇದೆ. ಉಗ್ಗುವವರು ಭಜನೆಯಲ್ಲಿ, ಎಲ್ಲರ ಜೊತೆ ಪದ್ಯ ಹೇಳುವಾಗ ಸರಾಗವಾಗಿ ಹೇಳೋದನ್ನು ನೋಡಿರ್ತೀರಿ. ಅಲ್ಲಿ ತಾಳ, ಪಕ್ಕದವರ ದನಿ ಆ ಸೂಚನೆಯನ್ನು ಹೊರಗಿಂದ ಕೊಡುತ್ತೆ ಅನ್ನೋದು ಒಂದು ವಿವರಣೆ.

ವಂಶವಾಹಿಯ ಪಾತ್ರವೂ ದೊಡ್ಡದು. ಪಾಕಿಸ್ತಾನದ ಕುಟುಂಬಗಳಿಂದ ಶುರುವಾದ ಸಂಶೋಧನೆಯಲ್ಲಿ ಡೆನ್ನಿಸ್ ಡ್ರೇನಾ ತಂಡ 2010ರಲ್ಲಿ ಜಿಎನ್‌ಪಿಟಿಎಬಿ ಮುಂತಾದ ಮೂರು ಜೀನ್‌ಗಳ ಬದಲಾವಣೆ ಗುರುತಿಸಿತು. ಜೀವಕೋಶದೊಳಗಿನ ಕಸ ಒಡೆಯುವ ಲೈಸೋಸೋಮ್‌ಗೆ ಕಿಣ್ವಗಳನ್ನು ತಲುಪಿಸೋದು ಇವುಗಳ ಕೆಲಸ. ಮಾತಿಗೂ ಇದಕ್ಕೂ ಏನು ಸಂಬಂಧ ಅಂತ ಆಶ್ಚರ್ಯ ಆಗುತ್ತೆ. ಆದರೆ ಅದೇ ಬದಲಾವಣೆ ಇರುವ ಇಲಿಮರಿಗಳ ಕೂಗಿನಲ್ಲೂ ನಡುನಡುವೆ ಉದ್ದನೆಯ ನಿಲುಗಡೆ ಕಂಡುಬಂತು. ಈ ಮೂರು ಜೀನ್‌ಗಳು ವಿವರಿಸೋದು ಕೆಲವೇ ಜನರ ಉಗ್ಗನ್ನು. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಜಾಲಾಡಿದ 2025ರ ಅಧ್ಯಯನದಲ್ಲಿ ಉಗ್ಗಿಗೆ ನಂಟಿರುವ 57 ಜಾಗಗಳು ವಂಶವಾಹಿಯಲ್ಲಿ ಸಿಕ್ಕಿವೆ. ಹಾಗಾಗಿ ಒಂದು ರಕ್ತ ಪರೀಕ್ಷೆಯಿಂದ ಭವಿಷ್ಯ ಹೇಳ್ತೀವಿ ಅನ್ನುವವರನ್ನು ನಂಬಬೇಡಿ.

ಮಾತು_ಮನೆ

ಲಿಡ್ಕಂಬ್ ಬಗ್ಗೆ. ಸಿಡ್ನಿಯಲ್ಲಿ ಮಾರ್ಕ್ ಆನ್‌ಸ್ಲೋ ಮತ್ತು ಸಹೋದ್ಯೋಗಿಗಳು ರೂಪಿಸಿದ್ದು, ಆರು ವರ್ಷದೊಳಗಿನ ಮಕ್ಕಳಿಗೆ. ಮನೆಯಲ್ಲಿ ಅಪ್ಪ ಅಥವಾ ಅಮ್ಮನೇ ಮಾಡ್ತಾರೆ, ಆದರೆ ವಾರಕ್ಕೊಮ್ಮೆ ಥೆರಪಿಸ್ಟ್ ನೋಡಿ ತಿದ್ದಬೇಕು. ವಿಡಿಯೋ ನೋಡಿ ಸ್ವಂತವಾಗಿ ಶುರು ಮಾಡುವಂಥದ್ದಲ್ಲ.

ದಿನಾ ರಾತ್ರಿ ಆ ದಿನದ ಉಗ್ಗಿಗೆ 0ಯಿಂದ 9ರವರೆಗೆ ಒಂದು ಅಂಕ ಬರೀಬೇಕು. 0 ಅಂದರೆ ಉಗ್ಗೇ ಇಲ್ಲ, 1 ಅಂದರೆ ತೀರಾ ಅಲ್ಪ, 9 ಅಂದರೆ ತೀರಾ ಜೋರು. ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆದರೆ ಸಾಕು. ಥೆರಪಿಸ್ಟ್ ಕೊಡುವ ಅಂಕಕ್ಕೂ ನಿಮ್ಮದಕ್ಕೂ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬರದ ಹಾಗೆ ಮೊದಲೇ ಕೂತು ಹೊಂದಿಸಿಕೊಳ್ಳಿ. ಇಡೀ ಚಿಕಿತ್ಸೆ ನಡೆಯೋದು ಈ ಅಂಕದ ಮೇಲೆ. ಇದನ್ನೇ ಬರೆಯದೆ ವಾರದ ಕೊನೆಗೆ ನೆನಪಿನಿಂದ ತುಂಬಿಸೋದು ನಾನು ನೋಡುವ ಅತಿ ಸಾಮಾನ್ಯ ತಪ್ಪು.

ಅಭ್ಯಾಸ ದಿನಕ್ಕೆ ಒಂದೋ ಎರಡೋ ಸಲ, 10ರಿಂದ 15 ನಿಮಿಷ. ಚಿತ್ರದ ಪುಸ್ತಕವೋ ಬ್ಲಾಕ್ಸೋ ಹಿಡಿದು ಕೂತು, ಮಗು ಉಗ್ಗದೆ ಉತ್ತರಿಸುವಷ್ಟು ಚಿಕ್ಕ ಪ್ರಶ್ನೆ ಕೇಳಿ. "ಇದೇನು?" "ಬೆಕ್ಕು." "ವಾ, ಎಷ್ಟು ಸಲೀಸಾಗಿ ಹೇಳ್ದೆ!" ಉಗ್ಗಿಲ್ಲದ ಮಾತಿಗೆ ಮೂರು ಬಗೆ ಪ್ರತಿಕ್ರಿಯೆ: ಮೆಚ್ಚುಗೆ, ಸುಮ್ಮನೆ ಗುರುತಿಸೋದು ("ಸಲೀಸಾಗಿ ಬಂತು"), ಮಗುವನ್ನೇ ಕೇಳೋದು ("ಸಲೀಸಾಗಿತ್ತಾ?"). ಉಗ್ಗಿದಾಗ ಎರಡೇ: "ಸ್ವಲ್ಪ ಸಿಕ್ಕಿಕೊಂತು" ಅಂತ ತಣ್ಣಗೆ ಗುರುತಿಸೋದು, ಅಥವಾ "ಇನ್ನೊಂದ್ಸಲ ಹೇಳ್ತೀಯಾ?" ಎರಡನೆಯ ಗುಂಪಿನದು ಅಪರೂಪಕ್ಕೆ ಮಾತ್ರ. ಮೊದಲ ವಾರಗಳಲ್ಲಿ ಮೆಚ್ಚುಗೆ ಒಂದೇ ಇದ್ದರೂ ಸರಿ. ಪ್ರಶ್ನೆ ದೊಡ್ಡದಾದ ಕೂಡಲೇ ("ನಿನ್ನೆ ಜಾತ್ರೆಯಲ್ಲಿ ಏನೇನಾಯ್ತು?") ಮಗು ಉಗ್ಗುತ್ತೆ, ಹೊಗಳೋಕೆ ಏನೂ ಸಿಗಲ್ಲ, ಅಭ್ಯಾಸ ಕೆಡುತ್ತೆ. ಆಗ ತಕ್ಷಣ ಒಂದು ಪದದ ಉತ್ತರಕ್ಕೆ ಇಳಿಸಿ.

ಅಂಕ ಇಳಿದ ಹಾಗೆ ಇದನ್ನು ಊಟ, ಸ್ನಾನ, ಬಸ್ಸಿನ ನಡುವಿನ ಮಾತಿಗೆ ತರ್ತೀವಿ. ಸತತ ಮೂರು ವಾರ ದಿನದ ಅಂಕ 0 ಅಥವಾ 1, ಅದರಲ್ಲಿ ವಾರಕ್ಕೆ ನಾಲ್ಕು ದಿನವಾದರೂ 0 ಬಂದು, ಕ್ಲಿನಿಕ್ಕಿನಲ್ಲೂ ಹಾಗೇ ಇದ್ದರೆ ಎರಡನೇ ಹಂತ. ಆಗ ಭೇಟಿಯ ಅಂತರ 2 ವಾರ, 4, 8, 16 ಅಂತ ಬೆಳೆಯುತ್ತೆ. ಈ ಹಂತ ಬಿಟ್ಟವರಲ್ಲಿ ಉಗ್ಗು ಮರಳೋದು ಜಾಸ್ತಿ. ಮಾತು ಸರಿಯಾಯ್ತಲ್ಲ ಅಂತ ಬರೋದನ್ನೇ ನಿಲ್ಲಿಸಬೇಡಿ.

2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ನ್ಯೂಜಿಲೆಂಡ್‌ನ ಪ್ರಯೋಗದಲ್ಲಿ 54 ಮಕ್ಕಳಿದ್ದರು. ಒಂಬತ್ತು ತಿಂಗಳ ನಂತರ ಈ ಚಿಕಿತ್ಸೆ ಪಡೆದವರ ಉಗ್ಗು ಸರಾಸರಿ 1.5%, ಉಳಿದವರದು 3.9%. ಇದೊಂದೇ ದಾರಿ ಅಂತಲೂ ಅಲ್ಲ. ಮನೆಯಲ್ಲಿ ಮಾತಿನ ವೇಗ, ಪ್ರಶ್ನೆಗಳ ಒತ್ತಡ ಕಡಿಮೆ ಮಾಡುವ ಇನ್ನೊಂದು ಬಗೆಯ ಚಿಕಿತ್ಸೆಯನ್ನು ನೆದರ್ಲೆಂಡ್ಸ್‌ನಲ್ಲಿ 199 ಮಕ್ಕಳ ಮೇಲೆ ಲಿಡ್ಕಂಬ್ ಜೊತೆ ಹೋಲಿಸಿದರು. 18 ತಿಂಗಳಿಗೆ ಉಗ್ಗು ಹೋದವರು ಲಿಡ್ಕಂಬ್‌ನಲ್ಲಿ 76.5%, ಅದರಲ್ಲಿ 71.4%. ಹೆಚ್ಚುಕಮ್ಮಿ ಒಂದೇ. ನಿಮ್ಮ ಥೆರಪಿಸ್ಟ್ ಯಾವುದರಲ್ಲಿ ಪಳಗಿದ್ದಾರೋ ಅದನ್ನು ನಿಷ್ಠೆಯಿಂದ ಮಾಡಿ.

ಹೇಮಾವತಿ_ತೀರ

ತುಂಬಾ ಥ್ಯಾಂಕ್ಸ್. "ಇನ್ನೊಂದ್ಸಲ ಹೇಳು" ಅಂದರೆ ಅವನು ಮುಖ ಗಂಟಿಕ್ಕಿ ಮಾತೇ ನಿಲ್ಲಿಸಿಬಿಟ್ಟರೆ?

ಮಾತು_ಮನೆ

ಅದನ್ನು ಆ ಕ್ಷಣವೇ ಬಿಟ್ಟುಬಿಡಿ, ಮುಂದಿನ ಭೇಟಿಯವರೆಗೆ ಮೆಚ್ಚುಗೆ ಮಾತ್ರ. ಮೆಚ್ಚುಗೆಯೂ ಕಿರಿಕಿರಿ ಅನ್ನಿಸಿದರೆ ಸಂಖ್ಯೆ ಕಡಿಮೆ ಮಾಡಿ, ಪದ ಬದಲಾಯಿಸಿ. ಮಗುವಿಗೆ ಇದು ಆಟ ಅನ್ನಿಸಬೇಕು. ಅನ್ನಿಸದಿದ್ದರೆ ಆವತ್ತಿಗೆ ನಿಲ್ಲಿಸಿ, ಅಂಕ ಮಾತ್ರ ಬರೀರಿ. ಅಭ್ಯಾಸದ ಹೊತ್ತು ಬಿಟ್ಟು ಬೇರೆ ಸಮಯದಲ್ಲಿ ಅವನು ಉಗ್ಗಿದರೆ, ಅವನು ಹೇಳ್ತಿರೋ ವಿಷಯಕ್ಕೆ ಉತ್ತರ ಕೊಡಿ ಅಷ್ಟೇ. "ನಿಧಾನವಾಗಿ ಹೇಳು", "ಉಸಿರು ಎಳ್ಕೊ" ಬೇಡ. ಪದ ನೀವೇ ಮುಗಿಸಿಕೊಡೋದೂ ಬೇಡ.

ಕಟ್ಟೆಮನೆ

ನಿಮ್ಮ ಅಣ್ಣನ ಬಗ್ಗೆ ಬರೀತೀನಿ ಮೇಡಂ. ದೊಡ್ಡವರಲ್ಲಿ ಗುರಿ ಬೇರೆ. ಉಗ್ಗು ಪೂರ್ತಿ ಹೋಗಿಸ್ತೀವಿ, ಹತ್ತು ದಿನದ ಶಿಬಿರಕ್ಕೆ ಇಷ್ಟು ಸಾವಿರ ಕೊಡಿ ಅನ್ನುವವರ ಹತ್ತಿರ ಹೋಗಬೇಡಿ. ಶಿಬಿರದ ಕೋಣೆಯಲ್ಲಿ ಸರಾಗವಾಗೋದು ಸುಲಭ. ಆಫೀಸಿನ ಫೋನಿನಲ್ಲಿ, ಬಸ್ ಕಂಡಕ್ಟರಿಗೆ ಊರಿನ ಹೆಸರು ಹೇಳುವಲ್ಲಿ ಉಳಿಯೋದು ಕಷ್ಟ.

ಎರಡು ದಾರಿ ಇವೆ, ಎರಡನ್ನೂ ಬೆರೆಸಬಹುದು. ಒಂದು, ಸ್ವರ ಎಳೆದು ಮಾತಾಡುವ ತಂತ್ರ. ಆಸ್ಟ್ರೇಲಿಯಾದ ಕ್ಯಾಂಪರ್‌ಡೌನ್ ಕ್ರಮದಲ್ಲಿ ರೆಕಾರ್ಡ್ ಮಾಡಿದ ಮಾದರಿಯನ್ನು ಕೇಳಿ ಅನುಕರಿಸೋದರಿಂದ ಶುರು. ಮೊದಲು ಅಸಹಜ ಅನ್ನಿಸುವಷ್ಟು ಎಳೆದು, ಆಮೇಲೆ ಕಿವಿಗೆ ಸಹಜ ಅನ್ನಿಸುವವರೆಗೆ ತಂತ್ರ ಕಡಿಮೆ ಮಾಡ್ತಾ ಬರೋದು. ಪ್ರತಿ ಸಲವೂ ಉಗ್ಗಿಗೊಂದು, ತಂತ್ರಕ್ಕೊಂದು ಅಂಕ. ದಿನಾ ಅಭ್ಯಾಸ ಬಿಟ್ಟರೆ ಹಿಡಿತ ತಪ್ಪುತ್ತೆ.

ಇನ್ನೊಂದು, ಅಮೆರಿಕದ ವಾಕ್ ಚಿಕಿತ್ಸಕ ಚಾರ್ಲ್ಸ್ ವಾನ್ ರೈಪರ್ ಕಲಿಸಿದ್ದು, ಉಗ್ಗನ್ನೇ ಹಗುರ ಮಾಡೋದು. "ಬೆಂಗಳೂರು" ಅನ್ನುವಾಗ ಬೆ ಮೇಲೆ ಕಟ್ಟಿತು ಅನ್ನಿ. ತುಟಿ ಒತ್ತಿ ಹಿಡಿದಿರುತ್ತೆ, ಒಳಗಿಂದ ಗಾಳಿ ದೂಡ್ತಿರುತ್ತೆ. ಮೊದಲ ಹಂತದಲ್ಲಿ ಪದ ಹೇಗೋ ಮುಗಿಸಿ, ಮೂರು ಸೆಕೆಂಡು ನಿಂತು, ಬಿಗಿ ಎಲ್ಲಿತ್ತು ಅಂತ ಗಮನಿಸಿ, ತುಟಿ ಬರೀ ತಾಕಿಸಿದ ಹಾಗೆ ಅದೇ ಪದ ಮತ್ತೆ ಹೇಳಬೇಕು. ಎರಡನೆಯದರಲ್ಲಿ ಕಟ್ಟಿದ ನಡುವೆಯೇ ಒತ್ತಡ ಸಡಿಲಿಸಿ ಸ್ವರವನ್ನು ಮೆಲ್ಲಗೆ ಹೊರಬಿಡೋದು. ಮೂರನೆಯದು ಕಟ್ಟುವ ಸುಳಿವು ಸಿಕ್ಕ ಕೂಡಲೇ ಮೊದಲೇ ಹಗುರಾಗಿ ಹೊರಡೋದು. ಜನ ನೇರ ಮೂರನೆಯದಕ್ಕೆ ಹಾರ್ತಾರೆ. ಮೊದಲನೆಯದು ಮುಜುಗರ ಅನ್ನಿಸುತ್ತೆ, ಅದಕ್ಕೇ. ಬಿಗಿ ಎಲ್ಲಿದೆ ಅಂತ ಗೊತ್ತಿಲ್ಲದೆ ಅದನ್ನು ಸಡಿಲಿಸೋಕೆ ಆಗಲ್ಲ.

ಮಾತ್ರೆ ವಿಷಯ: ಉಗ್ಗಿಗೆ ಅಂತಲೇ ಅನುಮೋದನೆ ಪಡೆದ ಔಷಧಿ ಇನ್ನೂ ಇಲ್ಲ. ಮಿದುಳಿನ ಡೋಪಮಿನ್ ಅನ್ನೋ ರಾಸಾಯನಿಕವನ್ನು ತಡೆಯುವ ಔಷಧಿಗಳ ಪ್ರಯೋಗ ನಡೆದಿದೆ, ಹ್ಯಾಲೋಪೆರಿಡಾಲ್‌ನಂಥ ಹಳೆಯವುಗಳ ಅಡ್ಡ ಪರಿಣಾಮ ಜಾಸ್ತಿ. ಸ್ವಂತ ದನಿಯನ್ನು ಕ್ಷಣದ ಸಣ್ಣ ಭಾಗ ತಡಮಾಡಿ ಕಿವಿಗೆ ಕೊಡುವ ಆ್ಯಪ್‌ಗಳು ಓದುವಾಗ ಸಹಾಯ ಮಾಡ್ತವೆ, ಸಹಜ ಸಂಭಾಷಣೆಯಲ್ಲಿ ಅಷ್ಟು ಗ್ಯಾರಂಟಿ ಇಲ್ಲ.

ಒಂದು ಮಾತು ಕೇಳಿ ನೋಡಿ ಅವರನ್ನ: ಫೋನ್ ಎತ್ತೋದು ತಪ್ಪಿಸ್ತಾರಾ, ಹೋಟೆಲಿನಲ್ಲಿ ಬೇಕಾದ ತಿಂಡಿ ಬಿಟ್ಟು ಹೇಳೋಕೆ ಸುಲಭವಾದ ತಿಂಡಿ ತರಿಸ್ತಾರಾ? ಹೌದು ಅಂದರೆ ಭಯಕ್ಕೂ ಚಿಕಿತ್ಸೆ ಬೇಕು. ಯೋಚನೆ, ನಡವಳಿಕೆ ಬದಲಿಸುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿಯಿಂದ ಉಗ್ಗಿನ ಎಣಿಕೆ ಅಷ್ಟಾಗಿ ಇಳಿಯದಿದ್ದರೂ ತಪ್ಪಿಸಿಕೊಳ್ಳೋದು ಕಡಿಮೆಯಾಗುತ್ತೆ. ಬದುಕಿಗೆ ಅದೇ ಹೆಚ್ಚು ಉಪಕಾರ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್‌ನ ಸ್ವಸಹಾಯ ಗುಂಪುಗಳಲ್ಲಿ ಬೇಕೆಂದೇ ಉಗ್ಗುವ ಅಭ್ಯಾಸವನ್ನೂ ಮಾಡಿಸ್ತಾರೆ, ಅಲ್ಲಿ ಫೀಸಿನ ಗೋಜಿಲ್ಲ.

ವಾಕ್‌ಶ್ರವಣ_ಶಿವಮೊಗ್ಗ

ಎಲ್ಲಿ ತೋರಿಸೋದು ಅಂತ ಕೇಳುವ ಮೊದಲೇ ಹೇಳಿಬಿಡ್ತೀನಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಇರುವ ಜಾಗ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ವಿಭಾಗ ಇದೆ. ದೂರ ಆದರೆ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ನೋಡುವ ಡಿಇಐಸಿ ಕೇಂದ್ರದಲ್ಲಿ ವಾಕ್ ಚಿಕಿತ್ಸಕರು ಇದ್ದಾರಾ ವಿಚಾರಿಸಿ. ಖಾಸಗಿ ಕ್ಲಿನಿಕ್ಕಾದರೆ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐ, ನೋಂದಣಿ ಸಂಖ್ಯೆ ಕೇಳಿ. ವಿಡಿಯೋ ಕರೆಯಲ್ಲಿ ಲಿಡ್ಕಂಬ್ ಮಾಡಿಸಿದರೂ ಕ್ಲಿನಿಕ್ಕಿನಷ್ಟೇ ಫಲಿತಾಂಶ ಬರುತ್ತೆ ಅಂತ ಆಸ್ಟ್ರೇಲಿಯಾದಲ್ಲಿ ಕಂಡುಕೊಂಡಿದ್ದಾರೆ. ಹಾಗಾಗಿ ಮೊದಲ ಭೇಟಿ ನೇರವಾಗಿ, ಉಳಿದವು ಫೋನಿನಲ್ಲಿ ಅಂತ ಮಾತಾಡಿಕೊಳ್ಳಬಹುದು.

ನರ್ಸರಿ ಮಿಸ್‌ಗೆ ಮೂರು ವಿಷಯ ಹೇಳಿ: ಅವನು ಉಗ್ಗುವಾಗ ಕಾಯಿರಿ, ಬೇರೆ ಮಕ್ಕಳು ನಕ್ಕರೆ ಅಲ್ಲೇ ನಿಲ್ಲಿಸಿ, ಪದ್ಯವನ್ನು ಒಬ್ಬನಿಂದ ಹೇಳಿಸುವ ಬದಲು ಇಬ್ಬರು ಮೂವರ ಜೊತೆ ಹೇಳಿಸಿ. ಹಾಜರಿ ಕರೆಯುವಾಗ ಅವನಿಗೆ ಕಷ್ಟ ಅನ್ನಿಸ್ತಿದ್ದರೆ "ಪ್ರೆಸೆಂಟ್ ಮಿಸ್" ಬದಲು ಕೈ ಎತ್ತಿದರೂ ಸಾಕು ಅಂತ ಎಲ್ಲ ಮಕ್ಕಳಿಗೂ ಒಂದೇ ನಿಯಮ ಮಾಡಲಿ.

ಹೋಗುವಾಗ ಆ ರೆಕಾರ್ಡಿಂಗ್‌ಗಳನ್ನು ತಗೊಂಡು ಹೋಗಿ. ಕ್ಲಿನಿಕ್ಕಿನಲ್ಲಿ ಅವನು ಆ ದಿನ ಒಂದು ಸಲವೂ ಉಗ್ಗದೆ ಇರಬಹುದು.