ತುಕ್ಕು ಹಿಡಿದ ಹಳೆ ಪಿಕಪ್: ಪುಟ್ಟಿ ಸಾಕಾ, ತಗಡು ಕತ್ತರಿಸಬೇಕಾ?

ಪ್ರಶ್ನೆ: ನಮ್ಮದು 2008ರ ಟಾಟಾ 207. ದಿನಾ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಹೂವು, ಸೊಪ್ಪು ಹೊಡೆಯುತ್ತೇವೆ. ಡ್ರೈವರ್ ಕಡೆ ಬಾಗಿಲಿನ ಕೆಳಭಾಗ ತೂತು ಬಿದ್ದಿದೆ. ಕಾಲಿಡುವ ಜಾಗದಲ್ಲಿ ಮ್ಯಾಟ್ ಎತ್ತಿದರೆ ರಸ್ತೆ ಕಾಣುತ್ತದೆ. ಹಿಂದೆ ಲೋಡ್ ತುಂಬುವ ಬಾಡಿಯ ಎಡಗಡೆ ಯಾರೋ ಟೆಂಪೋದವರು ಗುದ್ದಿ ತಗಡು ಒಳಗೆ ಹೋಗಿದೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟಿನ ತಪಾಸಣೆ) ಬೇರೆ ಹತ್ತಿರ ಬಂತು. ಒಬ್ಬ ಟಿಂಕರ್ (ಗಾಡಿಯ ತಗಡು ಕೆಲಸದವನು) "ಪುಟ್ಟಿ ಹಾಕಿ ಬಣ್ಣ ಹೊಡೆದು ಎರಡು ದಿನಕ್ಕೆ ಕೊಡ್ತೀನಿ" ಅಂತಾನೆ, ಇನ್ನೊಬ್ಬ "ಕತ್ತರಿಸಬೇಕು, ವಾರ ಬೇಕು" ಅಂತಾನೆ. ಯಾರ ಮಾತು ಕೇಳಲಿ?

ಉತ್ತರ (ಟಿಂಕರಿಂಗ್ ಕೆಲಸದವರು): ವಾರ ಕೇಳಿದವನ ಮಾತು ಕೇಳಿ. ಪುಟ್ಟಿ ಇರೋದು ಗಟ್ಟಿ ತಗಡಿನ ಮೇಲಿನ ಸಣ್ಣ ಏರುತಗ್ಗು ಸಮ ಮಾಡೋಕೆ, ಅದೂ ಎರಡು ಮೂರು ಮಿಲಿಮೀಟರ್ ದಪ್ಪಕ್ಕಿಂತ ಜಾಸ್ತಿ ಬೇಡ. ಅದು ನೀರು ಹೀರುತ್ತದೆ. ತೂತಿನ ಹಿಂದಿನಿಂದ ಒದ್ದೆ ಹತ್ತಿದರೆ ಒಳಗೊಳಗೇ ತುಕ್ಕು ಹಬ್ಬಿ, ಮೇಲೆ ಗುಳ್ಳೆ ಎದ್ದು, ಬಣ್ಣ ಪುಟ್ಟಿ ಎರಡೂ ಚಕ್ಕೆಯಾಗಿ ಬೀಳುತ್ತವೆ.

ಮೊದಲು ಒಂದು ಮ್ಯಾಗ್ನೆಟ್ ತಗೊಂಡು ಬಾಗಿಲು, ಮಡ್‌ಗಾರ್ಡ್ ಎಲ್ಲಾ ಕಡೆ ಇಟ್ಟು ನೋಡಿ. ಹಿಡಿಯದ ಕಡೆ ಹಳೆಯ ದಪ್ಪ ಪುಟ್ಟಿ ಇದೆ ಅಂತ ತಿಳಿಯಿರಿ. ಆಮೇಲೆ ಸ್ಕ್ರೂಡ್ರೈವರ್ ತುದಿಯಿಂದ ತೂತಿನ ಸುತ್ತ ಕುಟ್ಟುತ್ತಾ ಹೋಗಿ. ತುದಿ ಒಳಗೆ ಇಳಿಯುವಷ್ಟು ದೂರ ತಗಡು ಸತ್ತಿದೆ. ಗಟ್ಟಿ ಸದ್ದು ಬರುವ ಜಾಗದವರೆಗೂ ಕತ್ತರಿಸಿ ತೆಗೆಯಬೇಕು. ಹೊರಗೆ ಕಾಸಿನಗಲ ತೂತಿದ್ದರೆ ಒಳಗೆ ಅಂಗೈಯಗಲ ಹೋಗಿರುತ್ತದೆ ಅನ್ನೋದು ಈ ಕೆಲಸದಲ್ಲಿ ಮಾಮೂಲು.

ಪ್ರಶ್ನೆ: ಹೊಸ ತಗಡು ಯಾವುದು? ವೆಲ್ಡಿಂಗ್ ನಮ್ಮ ಏರಿಯಾ ಗೇಟು ಗ್ರಿಲ್ ಅಂಗಡಿಯಲ್ಲೇ ಮಾಡಿಸಬಹುದಾ?

ಉತ್ತರ: ಗ್ರಿಲ್ ಅಂಗಡಿ ಬೇಡ. ಅಲ್ಲಿ ಇರೋದು ಸಾಮಾನ್ಯವಾಗಿ ಕಡ್ಡಿಯ ಆರ್ಕ್ ವೆಲ್ಡಿಂಗ್, ಅದು ತೆಳು ತಗಡನ್ನು ಸುಟ್ಟು ಹೊಸ ತೂತು ಮಾಡುತ್ತದೆ. ಸಿಒಟು ವೆಲ್ಡಿಂಗ್ (ಗ್ಯಾಸ್ ಬಿಟ್ಟು ತೆಳು ತಂತಿಯಲ್ಲಿ ಮಾಡುವುದು) ಇರುವ ಕಡೆ ಹೋಗಿ. ಬಾಗಿಲಿಗೆ 20 ಗೇಜ್ ಸಿಆರ್ ಶೀಟ್ (ಲೇಪವಿಲ್ಲದ ನಯವಾದ ಉಕ್ಕಿನ ತಗಡು), ಅಂದರೆ ಸುಮಾರು 0.9 ಮಿ.ಮೀ. ದಪ್ಪ. ಫ್ಲೋರಿಗೆ 18 ಗೇಜ್, ಸುಮಾರು 1.2. ಒಂದೇ ಸಮ ಎಳೆದುಕೊಂಡು ಹೋದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ ಹಾಕಿ, ಆರಲು ಬಿಟ್ಟು, ನಿಧಾನಕ್ಕೆ ಕೂಡಿಸಬೇಕು. ವಾರ ಬೇಕು ಅಂದಿದ್ದು ಸುಮ್ನೆ ಅಲ್ಲ.

ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಸಿ, ಇಲ್ಲದಿದ್ದರೆ ಆಲ್ಟರ್ನೇಟರ್ ಸುಟ್ಟೀತು. ಡೀಸೆಲ್ ಟ್ಯಾಂಕ್, ಪೈಪು ಹತ್ತಿರ ಇದ್ದರೆ ಬಿಚ್ಚಿಡಬೇಕು. ಚಾಸಿಸ್ ನಂಬರ್ ಕೊರೆದ ಜಾಗದ ಹತ್ತಿರ ಗ್ರೈಂಡರ್ ತರಲೇಬೇಡಿ.

ಮತ್ತೊಬ್ಬರು: ಜಿಐ ಶೀಟ್ (ಸತುವಿನ ಲೇಪದ ತಗಡು) ಹಾಕಿದರೆ ತುಕ್ಕಿನ ತಲೆನೋವೇ ಇಲ್ಲ ಅಲ್ವಾ?

ಉತ್ತರ: ವೆಲ್ಡಿಂಗ್ ಬಿದ್ದ ಕಡೆಯೇ ಸತುವಿನ ಲೇಪ ಸುಟ್ಟು ಹೋಗುತ್ತದೆ, ತುಕ್ಕು ಶುರುವಾಗೋದೂ ಅಲ್ಲೇ. ಆ ಹೊಗೆ ಕುಡಿದವರಿಗೆ ಸಂಜೆ ಚಳಿಜ್ವರ ಬರುತ್ತದೆ. ಹಾಕಲೇಬೇಕೆಂದರೆ ಅಂಚಿನ ಲೇಪ ತಿಕ್ಕಿ ತೆಗೆದು, ಗಾಳಿಯಾಡುವ ಕಡೆ ಮಾಡಲಿ. ನನ್ನ ಕೇಳಿದರೆ ಸಿಆರ್ ಶೀಟಿಗೆ ಒಳಗೂ ಹೊರಗೂ ಎರಡು ಡಬ್ಬಿಯದನ್ನು ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್, ಕೂಡುವ ಕಡೆ ಸೀಲರ್, ಅಷ್ಟು ಸಾಕು.

ಪ್ರಶ್ನೆ: ಶಿವಾಜಿನಗರದಲ್ಲಿ ಹಳೆಯ ಬಾಗಿಲು ಸಿಗುತ್ತೆ ಅಂತಾರೆ, ತಂದುಬಿಡಲಾ?

ಉತ್ತರ: ಒಳಗಿನ ಫ್ರೇಮೂ ಹೋಗಿದ್ದರೆ ತನ್ನಿ, ಕೂಲಿ ಉಳಿಯುತ್ತದೆ. ಆದರೆ ಅಂಗಡಿಯಲ್ಲೇ ಬಾಗಿಲು ತಿರುಗಿಸಿ ಕೆಳಗಿನ ಮಡಿಕೆ ನೋಡಿ, ಮ್ಯಾಗ್ನೆಟ್ ಜೇಬಲ್ಲೇ ಇರಲಿ.

ಇಷ್ಟೆಲ್ಲಾ ಮಾಡಿಸಿದರೂ ನೀರು ಎಲ್ಲಿಂದ ಬಂತು ಅಂತ ಹುಡುಕದಿದ್ದರೆ ದುಡ್ಡು ದಂಡ. ಗಾಜಿನ ಪಕ್ಕದ ರಬ್ಬರ್ ಒಣಗಿ ಬಿರುಕು ಬಿಟ್ಟರೆ ಮಳೆನೀರು ಬಾಗಿಲೊಳಗೆ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ಕೆಳಗೆ ಸಣ್ಣ ಕಿಂಡಿಗಳಿವೆ. ಮಣ್ಣು ಕಸ ಕೂತು ಅವು ಕಟ್ಟಿರುತ್ತವೆ, ನಿಮ್ಮ ಗಾಡಿಯಲ್ಲಿ ಸೇವಂತಿಗೆ ಎಸಳೂ ಇರಬಹುದು. ತಂತಿ ಹಾಕಿ ಬಿಡಿಸಿ. ಫ್ಲೋರ್ ಕೊಳೆಯೋದಕ್ಕೆ ಬಹಳ ಸಲ ಮುಂದಿನ ಗಾಜಿನ ಬೀಡಿಂಗ್ (ಸುತ್ತಲಿನ ರಬ್ಬರ್ ಪಟ್ಟಿ) ಸೋರಿಕೆ ಕಾರಣ. ಒಬ್ಬರು ಗಾಜಿನ ಮೇಲೆ ಪೈಪಲ್ಲಿ ನೀರು ಬಿಡಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕೂತು ನೋಡಲಿ. ಸೋರಿದರೆ ಜೆ.ಸಿ. ರಸ್ತೆಯಲ್ಲಿ ಹೊಸ ಬೀಡಿಂಗ್ ತಂದು ಹಾಕಿಸಿ, ಆಮೇಲೆ ಫ್ಲೋರ್ ಮುಟ್ಟಿ.

ಮತ್ತೊಬ್ಬರು: ಅಂಡರ್‌ಬಾಡಿ ಕೋಟಿಂಗ್ ಹೊಡೆಸಿಬಿಟ್ಟರೆ?

ಉತ್ತರ: ತುಕ್ಕಿನ ಮೇಲೆ ಹೊಡೆದರೆ ಒದ್ದೆಯನ್ನು ಒಳಗೇ ಕೂಡಿಹಾಕಿದ ಹಾಗೆ. ತೊಳೆದು, ಒಣಗಿಸಿ, ತುಕ್ಕು ತಿಕ್ಕಿ, ಪ್ರೈಮರ್ ಆದ ಮೇಲೆ ಹೊಡೆಸಿ. ಕಿಂಡಿಗಳು ಮುಚ್ಚಬಾರದು.

ಪ್ರಶ್ನೆ: ಎಲ್ಲದಕ್ಕೂ ಈಗ ದುಡ್ಡಿಲ್ಲ. ಎಫ್‌ಸಿಗೆ ಮುಂಚೆ ಯಾವುದು ಮಾಡಿಸಲಿ? ಬಣ್ಣ ಬದಲಾಯಿಸಬಹುದಾ?

ಉತ್ತರ: ಮೊದಲು ಫ್ಲೋರ್, ಅದು ಕಾಲಿನ ಪ್ರಶ್ನೆ. ಅದರ ಜೊತೆಗೇ ಚಾಸಿಸ್ ಕೂಡ ಸುತ್ತಿಗೆಯಿಂದ ತಟ್ಟಿಸಿ ನೋಡಿ, ಅದೇ ಹೋಗಿದ್ದರೆ ಟಿಂಕರಿಂಗಿಗೆ ಒಂದು ರೂಪಾಯಿ ಹಾಕಬೇಡಿ. ಆಮೇಲೆ ಬಾಗಿಲು. ಹೊಸ ಬಣ್ಣ ಅಂದರೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು, ಇರೋದೇ ಇರಲಿ. ಪಿಯು (ಹಾರ್ಡನರ್ ಬೆರೆಸುವ ಪಾಲಿಯುರೆಥೇನ್ ಬಣ್ಣ) ಹೊಡೆಯುವ ಹುಡುಗನಿಗೆ ಕರ್ಚೀಫು ಸಾಲದು, ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಅದರ ಹಾರ್ಡನರ್ ಶ್ವಾಸಕೋಶಕ್ಕೆ ಕೆಟ್ಟದ್ದು.

ಬಾಡಿಯ ಗುದ್ದು ಕಾಯಬಹುದು. ಹರಿದು ಚೂಪಾಗಿ ನಿಂತ ಅಂಚಿದ್ದರೆ ಅದನ್ನು ಮಾತ್ರ ಈಗಲೇ ಬಡಿದು ಮಡಿಸಿ. ಉಳಿದದ್ದು ಸಂಕ್ರಾಂತಿ ಹೊತ್ತಿಗೆ, ಹವಾ ಒಣಗಿರುವಾಗ ಮಾಡಿಸಿ.